ಬ್ರೆಬೋರ್ನ್‌ನಿಂದ ನೆರೂಳಿಗೆ

ಮೈದಾನಗಳಿಗೂ ಜಾತಕ ಎಂಬುದೊಂದಿದ್ದರೆ ಮುಂಬಯಿಯ ಬ್ರೆಬೋರ್ನ್ ಸ್ಟೇಡಿಯಂನ ಜಾತಕದಲ್ಲಿ ಶನಿಮಹಾರಾಜರು ಆಸನಗಳ ಮೇಲೆಯೇ ಕುಳಿತಿರಬೇಕು. ಹುಟ್ಟಿದ ವರ್ಷವೇ ಅಲ್ಲಿ ಕುರ್ಚಿಗಳಿಗಾಗಿ ಜಗಳವಾಯಿತು. ಮೂವತ್ತಾರು ವರ್ಷಗಳ ಮೇಲೆ ಟೆಸ್ಟ್ ಪಂದ್ಯಗಳು ಅದನ್ನು ತೊರೆದು ಹೋದದ್ದೂ ಕುರ್ಚಿಗಳ ಜಗಳದಿಂದಲೇ. ನಡುವೆ ನಡೆದ ಆಟವೆಲ್ಲ ಮನುಷ್ಯರು ಆಡಿದ್ದು, ಚೆನ್ನಾಗಿಯೇ ಆಡಿದ್ದು.

ನಾನು ಕೇಂದ್ರ ಸರಕಾರದ ಒಬ್ಬ ಗುಮಾಸ್ತ. ವಾಸ ಡೊಂಬಿವಲಿ, ಕಚೇರಿ ಚರ್ಚ್‌ಗೇಟಿನ ಬಳಿ. ಸೆಂಟ್ರಲ್ ಲೈನಿನವನಾದುದರಿಂದ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಇಳಿದು ಕಾಲ್ನಡಿಗೆಯಲ್ಲೇ ಚರ್ಚ್‌ಗೇಟಿಗೆ ಹೋಗುವುದು ರೂಢಿ. ಈ ಒಂದು ಮೈಲಿಯ ದಾರಿ ವಿಚಿತ್ರವಾದದ್ದು. ಆಜಾದ್ ಮೈದಾನದ ಅಂಚಿನಲ್ಲಿ ಬಾಂಬೆ ಜಿಮ್ಖಾನಾ ಇದೆ; 1933ರ ಡಿಸೆಂಬರಿನಲ್ಲಿ ಭಾರತದ ನೆಲದ ಮೊತ್ತಮೊದಲ ಟೆಸ್ಟ್ ಪಂದ್ಯ ನಡೆದದ್ದು, ಲಾಲಾ ಅಮರನಾಥರು 118 ಓಟ ಹೊಡೆದದ್ದು ಅಲ್ಲಿ. ಅದನ್ನು ದಾಟಿ, ಓವಲ್ ಮೈದಾನವನ್ನು ದಾಟಿ, ಚರ್ಚ್‌ಗೇಟನ್ನು ದಾಟಿದರೆ ಬ್ರೆಬೋರ್ನ್. ಅಲ್ಲಿಂದ ಉತ್ತರಕ್ಕೆ ಒಂದು ಬೀಡಾ ಅಗಿದು ಮುಗಿಯುವಷ್ಟು ಹೊತ್ತು ನಡೆದರೆ ವಾಂಖೆಡೆ. ದೇಶದ ಕ್ರಿಕೆಟ್ ಚರಿತ್ರೆಯ ಅರ್ಧವನ್ನು ಹೀಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸುತ್ತಿ ಬರಬಹುದು. ನಮ್ಮ ಕಚೇರಿಯಲ್ಲಿ ಹಾಗೆ ಸುತ್ತುವವನು ನಾನೊಬ್ಬನೇ, ಉಳಿದವರು ಇಸ್ಪೀಟಾಡುತ್ತಾರೆ.

ಬ್ರೆಬೋರ್ನ್ ನಿಂತಿರುವುದು ಸಮುದ್ರದಿಂದ ಕಸಿದುಕೊಂಡ ನೆಲದ ಮೇಲೆ. ಬ್ಯಾಕ್‌ಬೇಯನ್ನು ತುಂಬಿಸುವ ಯೋಜನೆಯಲ್ಲಿ ಆಗ ಹಣ ನೀರಿನಂತೆ ಹರಿದು ನೀರಿಗೇ ಸೇರಿತ್ತು. ಆ ಹಗರಣವನ್ನು ಬಯಲಿಗೆಳೆದ ಕೆ. ಎಫ್. ನರಿಮನ್‌ರ ಹೆಸರನ್ನೇ ಇವತ್ತು ಸ್ಟೇಡಿಯಂನ ಪಕ್ಕದ ರಸ್ತೆಗೆ ಇಟ್ಟಿದ್ದಾರೆ. 1933ರಲ್ಲಿ ದೆಹಲಿಯಲ್ಲಿ ಹುಟ್ಟಿದ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾ ತನಗೊಂದು ಸ್ವಂತ ಮೈದಾನ ಬೇಕೆಂದು ಹುಡುಕುತ್ತಿತ್ತು. ಅದರ ಕಾರ್ಯದರ್ಶಿ ಆಂಟನಿ ಡಿಮೆಲ್ಲೋ ಮುಂಬಯಿಯ ಗವರ್ನರ್ ಲಾರ್ಡ್ ಬ್ರೆಬೋರ್ನ್ ಬಳಿ ಹೋಗಿ, ತಮಗೆ ಬೇಕಾದದ್ದು ಸರಕಾರಕ್ಕೆ ಹಣವೋ ಅಥವಾ ತಮ್ಮ ಹೆಸರಿಗೆ ಅಮರತ್ವವೋ ಎಂದು ಕೇಳಿದರಂತೆ. ಗವರ್ನರು ಅಮರತ್ವವನ್ನು ಆರಿಸಿಕೊಂಡರು. ಚದರ ಗಜಕ್ಕೆ ಹದಿಮೂರೂವರೆ ರೂಪಾಯಿಯಂತೆ 90,000 ಚದರ ಗಜ ನೆಲ ಕ್ಲಬ್ಬಿಗೆ ಸಿಕ್ಕಿತು. ಗುಮಾಸ್ತನ ಬುದ್ಧಿ, ಗುಣಿಸದೆ ಬಿಡುವುದಿಲ್ಲ: 12,15,000 ರೂಪಾಯಿ. 1936ರ ಮೇ 22ರಂದು ಅಡಿಗಲ್ಲು, 1937ರ ಡಿಸೆಂಬರ್ 7ರಂದು ಲಾರ್ಡ್ ಟೆನ್ನಿಸನ್‌ರ ತಂಡದೊಡನೆ ಮೊದಲ ಆಟ. ಅಮರತ್ವ ಪಡೆದ ಗವರ್ನರು ಬಂಗಾಳಕ್ಕೆ ವರ್ಗವಾಗಿ, 1939ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಆಗಿನ ಮುಂಬಯಿಯಲ್ಲಿ ಕ್ರಿಕೆಟ್ ಎಂದರೆ ಜಾತಿಮತಗಳ ಲೆಕ್ಕದಲ್ಲಿ ತಂಡ ಕಟ್ಟಿ ಆಡುವ ಪಂದ್ಯಾವಳಿ: ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್. 1937ರಲ್ಲಿ ಇವರ್ಯಾರಿಗೂ ಸೇರದ ಕ್ರೈಸ್ತರು ಮುಂತಾದವರಿಗಾಗಿ 'ದಿ ರೆಸ್ಟ್' ಎಂಬ ಐದನೆಯ ತಂಡ ಕೂಡಿತು. ಆಟ ಹೊಸ ಸ್ಟೇಡಿಯಂಗೆ ಬಂತು. ಬಂದ ವರ್ಷವೇ, ತಮಗೆ ಕೊಟ್ಟ ಆಸನಗಳು ಸಾಲವೆಂದು ಹಿಂದೂ ಜಿಮ್ಖಾನಾದವರು ಮುನಿಸಿಕೊಂಡು ಆಡಲೇ ಇಲ್ಲ. ಮದುವೆಯ ಮನೆಯಲ್ಲಿ ಎಲೆ ಹಾಕುವಲ್ಲಿ ನಡೆಯುವ ಜಗಳವೇ ಇದು. ಆದರೆ 1943ರ ಡಿಸೆಂಬರಿನಲ್ಲಿ ಅದೇ ಪಂದ್ಯಾವಳಿಯ ಫೈನಲಿನಲ್ಲಿ ನಡೆದದ್ದನ್ನು ಕೇಳಿ: ಹಿಂದೂಗಳ ಕಡೆ ವಿಜಯ್ ಮರ್ಚೆಂಟ್ ಔಟಾಗದೆ 250, ಫಾಲೋಆನ್ ಆದ 'ರೆಸ್ಟ್' ತಂಡದ ಎರಡನೆಯ ಸರದಿಯ ಒಟ್ಟು ಮೊತ್ತ 387, ಅದರಲ್ಲಿ ವಿಜಯ್ ಹಜಾರೆ ಒಬ್ಬರದೇ 309! ಉಳಿದವರೆಲ್ಲ ಕೂಡಿ ಇತರೆ ಓಟಗಳ ಸಮೇತ 78. ಇಂಥ ಒಂಟಿ ಹೋರಾಟವನ್ನು ನಾನು ಕಂಡದ್ದು ಮಾರ್ಚ್ ಮೂವತ್ತೊಂದರಂದು ನಮ್ಮ ವಿಭಾಗದ ಲೆಕ್ಕಿಗರಲ್ಲಿ ಮಾತ್ರ.

ಸ್ವಾತಂತ್ರ್ಯಾನಂತರ 1948ರ ಡಿಸೆಂಬರಿನಲ್ಲಿ ಇಲ್ಲಿ ಮೊದಲ ಟೆಸ್ಟ್ ನಡೆಯಿತು. ಅದೇ ವೆಸ್ಟ್ ಇಂಡೀಸ್ ಸರಣಿಯ ಕೊನೆಯ ಟೆಸ್ಟ್ 1949ರ ಫೆಬ್ರವರಿಯಲ್ಲಿ, ಅದೂ ಇಲ್ಲೇ. ಗೆಲ್ಲಲು 361 ಬೇಕು, 355 ಆಗಿದೆ, ಎಂಟು ಹುದ್ದರಿ ಬಿದ್ದಿವೆ. ಆಗ ಇನ್ನೂ ಹೊತ್ತಿರುವಾಗಲೇ ಅಂಪೈರ್ ಬೇಲ್ಸ್ ಎತ್ತಿಬಿಟ್ಟರು. ಭಾರತದ ಮೊದಲ ಟೆಸ್ಟ್ ಗೆಲುವು ಇನ್ನೂ ಮೂರು ವರ್ಷ ಮುಂದೆ ಹೋಯಿತು. 1960ರ ಜನವರಿಯಲ್ಲಿ ಅಬ್ಬಾಸ್ ಅಲಿ ಬೇಗ್ ಅವರ ಆಟಕ್ಕೆ ಮೆಚ್ಚಿದ ತರುಣಿಯೊಬ್ಬಳು ಮೈದಾನಕ್ಕೇ ಓಡಿ ಬಂದು ಕೆನ್ನೆಗೆ ಮುತ್ತಿಟ್ಟದ್ದು, 1969ರಲ್ಲಿ ಆಸ್ಟ್ರೇಲಿಯದ ವಿರುದ್ಧ ವೆಂಕಟರಾಘವನ್ ಔಟೆಂದು ಅಂಪೈರ್ ಸಾರಿದ್ದಕ್ಕೆ ಗ್ಯಾಲರಿಗಳಲ್ಲಿ ಬೆಂಕಿ ಎದ್ದದ್ದು ಇವೆಲ್ಲ ಹಳಬರ ಬಾಯಲ್ಲಿ ಇನ್ನೂ ಇವೆ. ಮುತ್ತನ್ನೂ ಬೆಂಕಿಯನ್ನೂ ಕಂಡ ಮೈದಾನ.

ನಮ್ಮ ತೀರ್ಥರೂಪರು ಈ ಮೈದಾನದ ಒಳಗೆ ಕಾಲಿಟ್ಟದ್ದು ಒಂದೇ ದಿನ. ಕಾರ್ಕಳದ ಕಡೆಯ ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಬಂದು ಕೋಟೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದವರು. ರಾತ್ರಿ ಎಂಟರ ಮೇಲೆ ಕನ್ನಡ ರಾತ್ರಿ ಶಾಲೆ, ಮಲಗುವುದು ಹೋಟೆಲಿನ ಮಾಳಿಗೆ. ಕ್ರಿಕೆಟಿನ ರುಚಿ ಹತ್ತಿದ್ದು ಗಲ್ಲಾದ ಪಕ್ಕದ ರೇಡಿಯೋದಿಂದ. ಸ್ಕೋರು ಕೇಳಲು ನಿಂತ ಗಿರಾಕಿಗಳಿಗೆ ಚಹಾ ಒಯ್ಯುವ ನೆಪದಲ್ಲಿ ಇವರೂ ಕೇಳುತ್ತಿದ್ದರು. 1973ರ ಫೆಬ್ರವರಿಯಲ್ಲಿ ಇಂಗ್ಲೆಂಡಿನೊಡನೆ ಟೆಸ್ಟ್ ನಡೆದಾಗ, ದಿನವೂ ಬರುತ್ತಿದ್ದ ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ಟಿಕೇಟನ್ನು ಒಂದು ದಿನದ ಮಟ್ಟಿಗೆ ಇವರ ಕೈಗಿತ್ತರು. ಆಗ ಇವರಿಗೆ ಇಪ್ಪತ್ತು. ಧಣಿಗಳು ಅರ್ಧ ದಿನದ ರಜೆ ಕೊಟ್ಟು ಅರ್ಧ ದಿನದ ಸಂಬಳ ಹಿಡಿದುಕೊಂಡರು.

ಆ ದಿನವೇ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನೂರು ಮುಟ್ಟಿದರು. ಇಂಗ್ಲೆಂಡಿನ ಟೋನಿ ಗ್ರೇಗ್, ಆರೂವರೆ ಅಡಿಯ ಆಳು, ಬಳಿ ಬಂದು ಈ ಪುಟ್ಟ ಮನುಷ್ಯನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಕೂಸನ್ನು ತೂಗುವಂತೆ ತೂಗಿದರು. ಈ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡದವರಿಲ್ಲ. ಅಪ್ಪ ನೋಡಿದ್ದು ಕಣ್ಣಾರೆ. ನಾವು ಮಕ್ಕಳಾಗಿದ್ದಾಗ ಇದನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅವರು ಹೇಳುತ್ತಿದ್ದ ರೀತಿಯಲ್ಲಿ ಓಟ, ಬೌಂಡರಿ, ಸ್ಕ್ವೇರ್ ಕಟ್ ಯಾವುದೂ ಬರುತ್ತಿರಲಿಲ್ಲ. 'ಎಲ್ಲರೂ ಎದ್ದು ನಿಂತರು, ನಾನೂ ನಿಂತೆ, ನನ್ನ ಪಕ್ಕದಲ್ಲಿದ್ದ ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿ, ನಿಮ್ಮ ಊರಿನವನೇನೋ ಎಂದು ಕೇಳಿದರು' ಎಂಬಲ್ಲಿಗೆ ಕತೆ ನಿಲ್ಲುತ್ತಿತ್ತು. ಹೋಟೆಲಿನಲ್ಲಿ ಏಳು ವರ್ಷ ದುಡಿದರೂ ಅವರ ಊರು ಯಾವುದೆಂದು ಯಾವ ಗಿರಾಕಿಯೂ ಅದುವರೆಗೆ ಕೇಳಿರಲಿಲ್ಲ. ಹೌದು ನಮ್ಮ ಊರಿನವನೇ ಎಂದರಂತೆ. ಕಾರ್ಕಳಕ್ಕೂ ಭದ್ರಾವತಿಗೂ ನಡುವೆ ಇಡೀ ಘಟ್ಟವೇ ಇದೆ. ಮುಂಬಯಿಯಿಂದ ನೋಡುವಾಗ ಘಟ್ಟ ಕಾಣುವುದಿಲ್ಲ.

ಬ್ರೆಬೋರ್ನ್‌ನಲ್ಲಿ ಅದು ಹದಿನೇಳನೆಯ ಟೆಸ್ಟ್. ಮುಂದಿನದಕ್ಕೆ ಮೂವತ್ತಾರು ವರ್ಷ ಕಾಯಬೇಕಾಯಿತು. ಮೈದಾನ ಕ್ಲಬ್ಬಿನದು, ಪಂದ್ಯ ಬಾಂಬೆ ಕ್ರಿಕೆಟ್ ಅಸೋಸಿಯೇಷನ್ನಿನದು. ಟಿಕೇಟುಗಳಲ್ಲಿ ಯಾರಿಗೆಷ್ಟು ಎಂಬ ತಗಾದೆ ವರ್ಷವರ್ಷವೂ ಬೆಳೆದು, ಕೊನೆಗೆ ಅಸೋಸಿಯೇಷನ್ನಿನ ಅಧ್ಯಕ್ಷರೂ ರಾಜಕಾರಣಿಯೂ ಆಗಿದ್ದ ಎಸ್. ಕೆ. ವಾಂಖೆಡೆಯವರು ನಾವೇ ಒಂದು ಸ್ಟೇಡಿಯಂ ಕಟ್ಟುತ್ತೇವೆಂದು ಹೊರಟರು. ಒಂದು ವರ್ಷದ ಆಸುಪಾಸಿನಲ್ಲಿ ಕಟ್ಟಿಯೂಬಿಟ್ಟರು, ಕೂಗಿದರೆ ಕೇಳುವಷ್ಟು ದೂರದಲ್ಲಿ. ಸಿಟ್ಟಿನಲ್ಲಿ ಕಟ್ಟಿದ ಮನೆ ಬೇಗ ಏಳುತ್ತದೆ. 1975ರ ಜನವರಿಯಲ್ಲಿ ವಾಂಖೆಡೆಯ ಮೊದಲ ಟೆಸ್ಟ್. ಕ್ಲೈವ್ ಲಾಯ್ಡ್ ಔಟಾಗದೆ 242. ಅವರನ್ನು ಅಭಿನಂದಿಸಲು ಓಡಿದ ಹುಡುಗನನ್ನು ಪೋಲೀಸರು ಬಡಿದದ್ದರಿಂದ ಹೊಸ ಸ್ಟೇಡಿಯಂನಲ್ಲೂ ಗಲಭೆ. ನಮ್ಮ ವಿಶ್ವನಾಥ್ ಅಲ್ಲಿ 95 ಹೊಡೆದರು.

ಇಲ್ಲೊಂದು ಸೂಕ್ಷ್ಮವಿದೆ. ವೆಸ್ಟ್ ಇಂಡೀಸಿನ ಆ ಸರಣಿಯ ಐದನೆಯ ಟೆಸ್ಟ್ ವಾಂಖೆಡೆಯ ಮೊದಲ ಟೆಸ್ಟ್ ಆದರೆ, ಮೊದಲನೆಯ ಟೆಸ್ಟ್ ನಮ್ಮ ಬೆಂಗಳೂರಿನ ಮೊದಲ ಟೆಸ್ಟ್. 1974ರ ನವೆಂಬರ್ 22ರಂದು ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರೂ ಅಂತಾರಾಷ್ಟ್ರೀಯ ಆಟಕ್ಕೆ ಕಾಲಿಟ್ಟದ್ದು ಅಲ್ಲೇ. ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿಯವರು ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿ 1953ರಿಂದ ಕಾಲು ಶತಮಾನ ದುಡಿದು ಕಟ್ಟಿಸಿದ ಮೈದಾನ. ಮುಂದೆ ಅದಕ್ಕೆ ಅವರದೇ ಹೆಸರಾಯಿತು. ಭಾರತದ ಮಹಿಳೆಯರು ತಮ್ಮ ಮೊತ್ತಮೊದಲ ಟೆಸ್ಟ್ ಆಡಿದ್ದೂ 1976ರಲ್ಲಿ, ವೆಸ್ಟ್ ಇಂಡೀಸ್ ಮಹಿಳೆಯರೊಡನೆ, ಬೆಂಗಳೂರಿನ ಆ ಮೈದಾನದಲ್ಲಿಯೇ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜಗಳದಿಂದ ಮೈದಾನ ಬಡವಾಗುವುದು ನಮ್ಮಲ್ಲಿ ಮಾತ್ರವೆಂದು ಭಾವಿಸಬೇಡಿ. ಅಮೆರಿಕದಲ್ಲಿರುವ ನನ್ನ ಭಾವಮೈದುನನಿಗೆ ಬೇಸ್‌ಬಾಲಿನ ಹುಚ್ಚು. ಆತ ಇರುವ ಬೋಸ್ಟನ್ನಿನಲ್ಲಿ ಫೆನ್‌ವೇ ಪಾರ್ಕ್ ಎಂಬ ಮೈದಾನವಿದೆ, 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದ ವಾರದಲ್ಲೇ ತೆರೆದದ್ದು, ಇಂದಿಗೂ ಅಲ್ಲಿ ಆಟ ನಡೆಯುತ್ತದೆ. ಅದೇ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಎಬೆಟ್ಸ್ ಫೀಲ್ಡ್ ಎಂಬುದೊಂದಿತ್ತು. ವರ್ಣಭೇದದ ಬೇಲಿಯನ್ನು ಮುರಿದು ಜ್ಯಾಕಿ ರಾಬಿನ್ಸನ್ 1947ರಲ್ಲಿ ಮೊದಲು ಆಡಿದ್ದು ಅಲ್ಲಿ. ಹೊಸ ಮೈದಾನಕ್ಕೆ ಜಾಗ ಕೊಡುವ ಬಗ್ಗೆ ತಂಡದ ಒಡೆಯನಿಗೂ ನಗರದ ಅಧಿಕಾರಿಗೂ ಸರಿಬೀಳದೆ, 1957ರ ಆಟಗಳು ಮುಗಿದ ಮೇಲೆ ತಂಡ ಮೂರು ಸಾವಿರ ಮೈಲಿ ದೂರದ ಲಾಸ್ ಏಂಜಲಿಸಿಗೆ ಹೊರಟುಹೋಯಿತು. 1960ರಲ್ಲಿ ಮೈದಾನವನ್ನು ಒಡೆದು ಮನೆಗಳ ಗೋಪುರ ಎಬ್ಬಿಸಿದರು. ಅದಕ್ಕೆ ಹೋಲಿಸಿದರೆ ಬ್ರೆಬೋರ್ನ್ ಪುಣ್ಯವಂತ. ಹುಲ್ಲು ಉಳಿಯಿತು, ಕ್ಲಬ್ ಉಳಿಯಿತು, ವಾಂಖೆಡೆ ದುರಸ್ತಿಯಲ್ಲಿದ್ದಾಗ 2009ರ ಡಿಸೆಂಬರಿನಲ್ಲಿ ಶ್ರೀಲಂಕಾದೊಡನೆ ಹದಿನೆಂಟನೆಯ ಟೆಸ್ಟೂ ನಡೆದು ವೀರೇಂದ್ರ ಸೆಹವಾಗ್ 293 ಹೊಡೆದರು. ಆದರೆ ಅದು ಸದಸ್ಯರ ಮೈದಾನ. ಅಪ್ಪನಂಥವರು ಹೊರಗಿನ ಗೋಡೆಯನ್ನು ನೋಡಬಹುದು. ನಾನು ನೋಡುವುದೂ ಅದನ್ನೇ.

ಈಗ ನಮ್ಮ ಕಡೆಗೆ ಬರೋಣ. ಠಾಣೆಯಿಂದಾಚೆಗಿನ ನಮಗೆ ಬಹುಕಾಲ ಸ್ಟೇಡಿಯಂ ಎಂದರೆ ಠಾಣೆಯ ದಾದೋಜಿ ಕೊಂಡದೇವ ಕ್ರೀಡಾಂಗಣವೊಂದೇ. ಉಳಿದಂತೆ ಇದ್ದದ್ದು ಬಯಲುಗಳು. ಬಯಲೆಂದು ಹಗುರ ಮಾಡಬೇಡಿ: 2016ರ ಜನವರಿಯಲ್ಲಿ ಕಲ್ಯಾಣದ ಒಂದು ಸಾಮಾನ್ಯ ಮೈದಾನದಲ್ಲಿ, ಶಾಲೆಗಳ ಪಂದ್ಯದಲ್ಲಿ, ರಿಕ್ಷಾ ಓಡಿಸುವವರ ಮಗ ಪ್ರಣವ್ ಧನಾವಡೆ 323 ಚೆಂಡುಗಳಲ್ಲಿ ಔಟಾಗದೆ 1009 ಹೊಡೆದ. ಅದುವರೆಗಿನ ದಾಖಲೆ 1899ರಲ್ಲಿ ಇಂಗ್ಲೆಂಡಿನ ಶಾಲಾಬಾಲಕ ಕಾಲಿನ್ಸ್‌ನ 628. ಎದುರು ತಂಡದ ಮಕ್ಕಳ ಪಾಡನ್ನು ನೆನೆದು ನನಗೆ ಅಂದು ಮರುಕವೇ ಹೆಚ್ಚಾಗಿತ್ತು.

2008ರ ಮಾರ್ಚಿನಲ್ಲಿ ನೆರೂಳಿನಲ್ಲಿ ಡಿ. ವೈ. ಪಾಟೀಲ್ ಸ್ಟೇಡಿಯಂ ತೆರೆಯಿತು. ನಕ್ಷೆ ಹಫೀಜ್ ಕಂಟ್ರಾಕ್ಟರರದು. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಕಚೇರಿಯಲ್ಲಿ ಎಂದೂ ಉಪಯೋಗಕ್ಕೆ ಬಾರದ್ದು ಅಲ್ಲಿ ಬಂತು. ಆಸನಗಳ ಮೇಲಿನ ಚಾವಣಿಗೆ ಮುಂದುಗಡೆ ಕಂಬವೇ ಇಲ್ಲ. ತೊಲೆಯ ಹಿಂದಿನ ತುದಿಯನ್ನು ಭದ್ರವಾಗಿ ಬಿಗಿದು, ಮುಂದಿನ ತುದಿಯನ್ನು ಗಾಳಿಯಲ್ಲಿ ಚಾಚಿ ಬಿಡುತ್ತಾರೆ. ಚಾಚಿದ ಭಾಗ ಕೆಳಗೆ ಬಾಗಲೆಳಸುವಷ್ಟೇ ಬಲದಿಂದ ಹಿಂದಿನದು ಎಳೆದು ಹಿಡಿಯಬೇಕು. ಮನೆಯಲ್ಲಿ ಹಿರಿಯರು ಮಾಡುವ ಕೆಲಸ. ಇದರಿಂದ 45,000ಕ್ಕೂ ಮಿಕ್ಕಿದ ಪ್ರೇಕ್ಷಕರಲ್ಲಿ ಯಾರಿಗೂ ಕಂಬದ ಹಿಂದೆ ಕೂತೆನೆಂಬ ಕೊರಗಿಲ್ಲ. ಅದೇ ವರ್ಷ ಜೂನ್ 1ರಂದು ಮೊದಲ ಐಪಿಎಲ್ ಫೈನಲ್ ಕೊನೆಯ ಚೆಂಡಿಗೆ ತೀರ್ಮಾನವಾದದ್ದು ಇಲ್ಲಿ. ಪುರುಷರ ಏಕದಿನ ಪಂದ್ಯ ಮಾತ್ರ 2009ರ ನವೆಂಬರಿನಲ್ಲಿ ಗೊತ್ತಾಗಿ, ಒಂದು ಚೆಂಡೂ ಬೀಳದೆ ಮಳೆಯಲ್ಲಿ ಕೊಚ್ಚಿಹೋಯಿತು. ಈ ಮೈದಾನ ಹೆಣ್ಣುಮಕ್ಕಳಿಗಾಗಿ ಕಾದಿತ್ತೆಂದು ನಮ್ಮ ಮನೆಯ ಹಿರಿಯರು ಹೇಳುವುದುಂಟು.

ಹಿರಿಯರಿಗೆ ಹಾಗೆ ಹೇಳಲು ಕಾರಣ ನನ್ನ ಮಗಳು. ಒಂಬತ್ತನೆಯ ತರಗತಿ, ಲೆಗ್‌ಸ್ಪಿನ್ ಹಾಕುತ್ತಾಳೆ. ಹುಡುಗಿಯರನ್ನು ನೆಟ್‌ನಲ್ಲಿ ಸೇರಿಸಲು ಮನೆಯ ಹತ್ತಿರದ ಒಂದು ತರಬೇತಿ ಶಿಬಿರದವರು ಒಪ್ಪಲಿಲ್ಲ. ಹುಡುಗರ ತಾಯ್ತಂದೆಯರಿಗೆ ಇಷ್ಟವಾಗುವುದಿಲ್ಲವೆಂದರು. ಹೆಸರು ಬೇಡ, ಅವರ ಕಾಂಪೌಂಡಿನ ಗೋಡೆ ನಮ್ಮ ಬಾಲ್ಕನಿಯಿಂದ ಕಾಣುತ್ತದೆ. ಅವಳಜ್ಜ ಮೊಮ್ಮಗಳನ್ನು ಕರೆದುಕೊಂಡು ಸಂಜೆ ಕಟ್ಟಡದ ಕೆಳಗೆ ಇಳಿದು, ಸ್ಕೂಟರುಗಳ ನಡುವಿನ ಓಣಿಯಲ್ಲಿ ತಾವೇ ಚೆಂಡು ಹೆಕ್ಕಿ ಕೊಡತೊಡಗಿದರು. ಮೊಣಕಾಲು ನೋವಿನ ಮುದುಕರು!

2023ರ ಡಿಸೆಂಬರ್ 14ರಂದು ನೆರೂಳಿನಲ್ಲಿ ಮಹಿಳೆಯರ ಟೆಸ್ಟ್ ಶುರುವಾಯಿತು, ಇಂಗ್ಲೆಂಡಿನೊಡನೆ. ಭಾರತದ ನೆಲದಲ್ಲಿ ಅದಕ್ಕೆ ಹಿಂದಿನ ಮಹಿಳಾ ಟೆಸ್ಟ್ ನಡೆದದ್ದು 2014ರಲ್ಲಿ, ಮೈಸೂರಿನಲ್ಲಿ. ಸಾಂದರ್ಭಿಕ ರಜೆ ಹಾಕಿ ಮೂವರೂ ಹೋದೆವು. ಗುರುವಾರವಾದುದರಿಂದ ಜನ ವಿರಳ. ಮೂರನೆಯವಳಾಗಿ ಆಡಲು ಬಂದವಳು ಅಂದೇ ಮೊದಲ ಟೆಸ್ಟ್ ಆಡುತ್ತಿದ್ದ ಮೈಸೂರಿನ ಶುಭಾ ಸತೀಶ್. 69 ಹೊಡೆದಳು. ಮೊದಲ ದಿನವೇ ಭಾರತದ್ದು 410. ಆ ಪಂದ್ಯವನ್ನು ಭಾರತ 347 ಓಟಗಳಿಂದ ಗೆದ್ದಿತು. ಶುಭಾ ಐವತ್ತು ಮುಟ್ಟಿದಾಗ ಅಪ್ಪ ಎದ್ದು ನಿಂತರು. ಮುಂದಿನ ಸಾಲಿನಲ್ಲಿದ್ದ ಮರಾಠಿ ಹುಡುಗಿಯರು ತಿರುಗಿ ನೋಡಿದಾಗ, ಕೇಳದಿದ್ದರೂ, 'ಆಮಚ್ಯಾ ಗಾವಚೀ' ಎಂದು ಹೇಳಿದರು.

ಇನ್ನು ಕಹಿಯಾದದ್ದು. 2025ರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳನ್ನು ಬೆಂಗಳೂರಿಗೂ ಕೊಟ್ಟಿದ್ದರು. ಫೈನಲ್ ಕೂಡ, ಪಾಕಿಸ್ತಾನ ಅಲ್ಲಿಯವರೆಗೆ ಬಾರದಿದ್ದರೆ, ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು. ಜೂನ್ 4ರಂದು ಐಪಿಎಲ್ ಗೆದ್ದ ಸಂಭ್ರಮಕ್ಕೆಂದು ಬಂದ ಜನ ಅದರ ಬಾಗಿಲುಗಳಲ್ಲಿ ನುಗ್ಗಲಾಗಿ ಹನ್ನೊಂದು ಮಂದಿ ಸತ್ತರು, ಹೆಚ್ಚಿನವರು ಎಳೆಯರು. ದೊಡ್ಡ ಜನಸಂದಣಿಗೆ ಆ ಸ್ಟೇಡಿಯಂ ತಕ್ಕದ್ದಲ್ಲವೆಂದು ವಿಚಾರಣಾ ಆಯೋಗ ಹೇಳಿತು. ಆಗಸ್ಟಿನಲ್ಲಿ ಬೆಂಗಳೂರಿನ ಪಂದ್ಯಗಳನ್ನು ಕಿತ್ತು ನೆರೂಳಿಗೆ ಕೊಟ್ಟರು. ಭಾರತದ ಮಹಿಳೆಯರ ಟೆಸ್ಟ್ ಆಟ ಹುಟ್ಟಿದ ಅಂಗಳದಿಂದ ಅವರ ಫೈನಲ್ ಹೀಗೆ ನಮ್ಮ ಮನೆಯ ಬಾಗಿಲಿಗೆ ಬಂತು. ಡೊಂಬಿವಲಿಯ ಮರಾಠಿ ಮಿತ್ರರು ಖುಷಿಯಿಂದ ಕೈ ಕುಲುಕಿದರು. ಅಪ್ಪ ಮಾತ್ರ ಆ ಸುದ್ದಿಯಿದ್ದ ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟು, 'ಕುರ್ಚಿಗಾಗಿ ಹೋದದ್ದಾಗಿದ್ದರೆ ಬೈಯಬಹುದಿತ್ತು' ಎಂದರು.

ಫೈನಲಿಗೆ ನಮಗೆ ಟಿಕೇಟು ಸಿಗಲಿಲ್ಲ. ಅಕ್ಟೋಬರ್ 30ರ ಸೆಮಿಫೈನಲಿನಲ್ಲಿ ನಮ್ಮ ಸೆಂಟ್ರಲ್ ಲೈನಿನ ಭಾಂಡುಪಿನಲ್ಲಿ ಹುಟ್ಟಿದ ಜೆಮಿಮಾ ರಾಡ್ರಿಗ್ಸ್ ಔಟಾಗದೆ 127 ಹೊಡೆದು ಆಸ್ಟ್ರೇಲಿಯದ 338ನ್ನು ದಾಟಿಸಿದ ಮೇಲೆ ಟಿಕೇಟಿನ ಆಸೆಯನ್ನೇ ಬಿಟ್ಟೆವು. ನವೆಂಬರ್ 2, ಭಾನುವಾರ. ಮಳೆ. ಮೂರಕ್ಕೆ ಶುರುವಾಗಬೇಕಾದ ಆಟ ಐದಕ್ಕೆ ಶುರುವಾಯಿತು. ಭಾರತ 298, ಶಫಾಲಿ ವರ್ಮಾ 87, ದೀಪ್ತಿ ಶರ್ಮಾ 58. ದಕ್ಷಿಣ ಆಫ್ರಿಕದ ನಾಯಕಿ ವೋಲ್ವಾರ್ಟ್ 101ಕ್ಕೆ ಔಟಾಗುವ ತನಕ ನನ್ನ ಹೆಂಡತಿ ದೇವರ ಕೋಣೆಯ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದಳು. ನಡುರಾತ್ರಿಯ ಹೊತ್ತಿಗೆ ದೀಪ್ತಿಯ ಐದನೆಯ ಹುದ್ದರಿಯಾಗಿ ಕೊನೆಯ ಚೆಂಡು ಮೇಲೆದ್ದಿತು, ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದಳು. 246ಕ್ಕೆ ಎಲ್ಲರೂ ಔಟ್. ಕಟ್ಟಡದ ಎಲ್ಲ ಮಹಡಿಗಳಿಂದಲೂ ತಟ್ಟೆ ಬಡಿಯುವ ಸದ್ದು ಎದ್ದಿತು.

ಸದ್ದಡಗಿದ ಮೇಲೆ ಅಪ್ಪ ಟ್ಯೂಷನ್ನಿನ ಮಾತೆತ್ತಿದರು. ಹತ್ತನೆಯ ತರಗತಿಗೆ ವಿಜ್ಞಾನ-ಗಣಿತದ ಟ್ಯೂಷನ್ ಶನಿವಾರ-ಭಾನುವಾರ ಬೆಳಿಗ್ಗೆ. ನವಿಮುಂಬಯಿಯಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುವ ಒಂದು ಶಿಬಿರ ಗೊತ್ತಾಗಿತ್ತು, ಅದರ ವೇಳೆಯೂ ಅದೇ. ಎರಡು ತಿಂಗಳಿಂದ ಮನೆಯಲ್ಲಿ ಈ ವಿಷಯ ತೀರ್ಮಾನವಾಗದೆ ಬಾಕಿ ಕಡತದಂತೆ ಬಿದ್ದಿತ್ತು. 'ನಿನ್ನನ್ನು ಬಿ.ಎಸ್ಸಿ. ಓದಿಸಿದವನು ನಾನು. ವಿಜ್ಞಾನವನ್ನು ನೀನೇ ಮನೆಯಲ್ಲಿ ಹೇಳಿಕೊಡು, ಆಟ ಹೇಳಿಕೊಡಲು ನಿನಗೆ ಬರುವುದಿಲ್ಲ' ಎಂದರು. ಇದಕ್ಕೆ ನನ್ನ ಹತ್ತಿರ ಷರಾ ಬರೆಯಲು ಜಾಗವಿರಲಿಲ್ಲ. ಹೆಂಡತಿ ಒಪ್ಪಿದ್ದು ಅರ್ಧ ಮನಸ್ಸಿನಿಂದ. ಮಾರ್ಚಿನ ಅಂಕಗಳನ್ನು ನೋಡಿ ಮತ್ತೆ ಮಾತಾಡುವುದೆಂಬ ಕರಾರಿನ ಮೇಲೆ.

ಈಗ ಶನಿವಾರ ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತೇವೆ. ಡೊಂಬಿವಲಿಯಿಂದ ಠಾಣೆಗೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಗಾಡಿ. ತನ್ನಷ್ಟೇ ಎತ್ತರದ ಚೀಲವನ್ನು ಹೊತ್ತು ಅವಳು ಮಹಿಳೆಯರ ಡಬ್ಬಿ ಹತ್ತುತ್ತಾಳೆ, ನಾನು ಪಕ್ಕದ ಡಬ್ಬಿಯಲ್ಲಿ. ನೆರೂಳಿಗೆ ಸ್ವಲ್ಪ ಮೊದಲು ಬಲಗಡೆಯೋ ಎಡಗಡೆಯೋ ನೋಡದೆ ಪತ್ರಿಕೆ ಓದುತ್ತಿರುತ್ತೇನೆ. ಅವಳು ಜಾಲಂದ್ರದಿಂದ ನನ್ನ ಮೊಬೈಲಿಗೆ ಸ್ಟೇಡಿಯಂ ಬಂತೆಂದು ಸಂದೇಶ ಕಳಿಸುತ್ತಾಳೆ.